ಅವಳು ಎಸೆಯದ ಮಾತ್ರೆಗಳು

ಕಳೆದ ತಿಂಗಳು ಮಗಳನ್ನು ನೋಡಿಕೊಂಡು ಬರೋಣವೆಂದು ಬಂಗಾರಪೇಟೆಗೆ ಹೋಗಿದ್ದೆ. ಪವಿತ್ರಾಗೆ ಆಗ ಐದು ತಿಂಗಳು ತುಂಬಿತ್ತು. ಅಳಿಯ ಬೆಳಗಿನ ರೈಲಿಗೆ ಕೆಲಸಕ್ಕೆ ಹೋಗಿಯಾಗಿತ್ತು. ನಾನು ಹೋದಾಗ ಅವಳು ಅಡುಗೆಮನೆಯಲ್ಲಿ ನಿಂತು ಹಾಲು ಕಾಯಿಸುತ್ತಿದ್ದಳು. ಹಾಲು ಉಕ್ಕುವ ಮೊದಲು ಅದರಿಂದ ಒಂದು ವಾಸನೆ ಏಳುತ್ತದೆ. ಇಪ್ಪತ್ತೆರಡು ವರ್ಷ ಡೈರಿಯಲ್ಲಿ ಹಾಲಿನ ನಡುವೆಯೇ ಕಳೆದವನ ಮೂಗಿಗೆ ಅದು ಹತ್ತುವುದೇ ಇಲ್ಲ. ಅವತ್ತು ಹತ್ತಿತು. ಅವಳು ಹಾಲನ್ನು ಲೋಟಕ್ಕೆ ಬಗ್ಗಿಸಿಕೊಂಡು, ಕಿಟಕಿಯ ಹಲಗೆಯ ಮೇಲಿದ್ದ ಸ್ಟ್ರಿಪ್ಪಿನಿಂದ ಒಂದು ಕೆಂಪು ಮಾತ್ರೆ ಒತ್ತಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಏನಮ್ಮ ಅದು?" ಅಂದೆ, ಗೊತ್ತಿದ್ದೂ.

"ರಕ್ತದ ಮಾತ್ರೆ ಅಪ್ಪ. ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದುಬಿಟ್ಟೈತಂತೆ. ಸಿಸ್ಟರ್ ನಿಂಬೆಹಣ್ಣಿನ ರಸದಲ್ಲಿ ತಗೋ ಅಂದ್ರು. ನಂಗೆ ಹುಳಿ ಕುಡಿದ್ರೆ ಎದೆ ಉರೀತದೆ. ಅಮ್ಮ ತಗೊಂಡಷ್ಟು ದಿನ ಹಾಲಲ್ಲೇ ತಗೋತಿದ್ರಲ್ಲ?" ನನ್ನ ಮುಖ ನೋಡಿ ನಕ್ಕಳು. "ಹೆದ್ರಬೇಡಿ, ನಾನು ಅಮ್ಮನ ತರ ಎಸ್ಯಲ್ಲ."

ಮಾತ್ರೆ ಬಾಯಿಗೆ ಹಾಕಿಕೊಂಡು ಒಂದೇ ಗುಟುಕಿಗೆ ಅರ್ಧ ಲೋಟ ಹಾಲು ಕುಡಿದಳು. ನಾನು ನೋಡುತ್ತಾ ನಿಂತಿದ್ದೆ. ಹೇಳಬೇಕಾಗಿದ್ದದ್ದು ನಾಲ್ಕೇ ಮಾತು. ಅದನ್ನು ಹೇಳಿದರೆ ಅದರ ಹಿಂದೆ ಇನ್ನೊಂದು ಮಾತು ಹೇಳಬೇಕಾಗುತ್ತಿತ್ತು. ಊಟಕ್ಕೆ ನಿಲ್ಲಿ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಹೊರಟುಬಂದೆ. ಬಸ್ಸಿಗೂ ಹೋಗಲಿಲ್ಲ. ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತಿದ್ದೆ. ಗಾಡಿಗಳು ಬಂದವು, ಹೋದವು. ನನಗೆ ಕಾಣುತ್ತಿದ್ದದ್ದು ಆ ಒಂದು ವರ್ಷ.

ಬೇತಮಂಗಲದ ರಸ್ತೆಯಲ್ಲಿರುವ ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ನಾನು ಟೆಸ್ಟರ್. ಬೆಳಿಗ್ಗೆ ಆರಕ್ಕೆ, ಸಾಯಂಕಾಲ ಐದೂವರೆಗೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಒಂದು ಚಿಕ್ಕ ಬಟ್ಟಲಿನಷ್ಟು ಹಾಲನ್ನು ಮೆಷಿನ್ನಿಗೆ ಹಿಡಿದರೆ ಫ್ಯಾಟ್ ಎಷ್ಟು, ಗಟ್ಟಿ ಅಂಶ ಎಷ್ಟು ಎಂದು ಚೀಟಿ ಬರುತ್ತದೆ. ಯಾರ ಮನೆಯ ಹಸುವಿನ ಹಾಲಿಗೆ ಎಷ್ಟು ಫ್ಯಾಟ್ ಬರುತ್ತದೆಂಬುದು ನನಗೆ ಬಾಯಿಪಾಠ. ಎರಡು ದಿನ ಫ್ಯಾಟ್ ಇಳಿದರೆ ನಾನೇ ಕರೆದು ಕೇಳುತ್ತಿದ್ದೆ: ಮೇವು ಬದಲಾಯಿಸಿದಿರಾ, ಹಸು ಮೆಲುಕು ಹಾಕುತ್ತಿದೆಯಾ, ಕೆಚ್ಚಲು ಮುಟ್ಟಿ ನೋಡಿದಿರಾ? ಮೆಷಿನ್ನನ್ನು ಬೈಯಬೇಡಿ, ಹೋಗಿ ಹಸುವನ್ನು ನೋಡಿ ಎಂದು ಹೇಳಿ ಹೇಳಿ ಊರಿನಲ್ಲಿ ನನಗೆ ಒಂದು ಹೆಸರೇ ಬಂದಿತ್ತು.

ನನ್ನ ಹೆಂಡತಿ ಸೆಲ್ವಿ. ಅವಳ ತಂದೆ ನಮ್ಮ ಕಡೆಯವರೇ, ಚಿನ್ನದ ಗಣಿಯ ಕೆಲಸಕ್ಕೆಂದು ಹೋಗಿ ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಉಳಿದವರು. ಪಕ್ಕದ ಮನೆಯ ತಮಿಳು ಅಜ್ಜಿ ಎತ್ತಿ ಆಡಿಸಿ ಇಟ್ಟ ಹೆಸರು ಅದು. ಗಣಿ ಮುಚ್ಚಿದ ವರ್ಷವೇ ನಮ್ಮ ಮದುವೆಯಾದದ್ದು. ನಮ್ಮೂರಿಗೆ ಬಂದು ಹಸುವಿನ ಬಾಲ ಹಿಡಿಯುವುದನ್ನು ಕಲಿತಳು. ಆದರೆ ಸಿಟ್ಟು ಬಂದರೆ ತಮಿಳು, ಎಣಿಸಬೇಕಾದರೆ ತಮಿಳು. ನಮ್ಮ ಗೌರಿ ಹಸು ಅವಳ ತಮಿಳಿಗೆ ಮಾತ್ರ ಕಾಲು ಸರಿಸಿ ನಿಲ್ಲುತ್ತಿತ್ತು.

ಅವರೆಕಾಯಿ ಕಾಲದಲ್ಲಿ ಸೊಸೈಟಿಯ ಅಂಗಳದಲ್ಲಿ ರಕ್ತಪರೀಕ್ಷೆಯ ಕ್ಯಾಂಪ್ ಮಾಡಿದರು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹಿಂದಿನ ದಿನ ನಾನೇ ಮೈಕಿನಲ್ಲಿ ಹೇಳಿದ್ದೆ. ನಾಲ್ಕನೇ ದಿನ ರಿಪೋರ್ಟುಗಳು ಬಂದವು. ನನ್ನದು ಮೂರು ಹಾಳೆ, ಹೆಚ್ಚಾದ ಕಡೆಯಲ್ಲೆಲ್ಲ ಮೇಲಕ್ಕೆ ಬಾಣದ ಗುರುತು. ಬೆಳಗಿನ ಸಕ್ಕರೆ ನೂರ ಅರವತ್ತೆಂಟು. ಮೂರು ತಿಂಗಳ ಸಕ್ಕರೆ ಎಂಟು ದಾಟಿತ್ತು. ರಕ್ತದ ಕೊಬ್ಬು ಮುನ್ನೂರರ ಮೇಲೆ. ಸೆಲ್ವಿಯ ಹಾಳೆಯಲ್ಲಿ ಎಲ್ಲವೂ ಸರಿ, ಹಿಮೋಗ್ಲೋಬಿನ್ ಎದುರಿಗೆ ಮಾತ್ರ ಕೆಳಗೆ ಮುಖ ಮಾಡಿದ ಒಂದು ಬಾಣ. ಎಂಟು ಪಾಯಿಂಟ್ ನಾಲ್ಕು.

"ನೋಡೇ, ನಿಂಗೆ ಒಂದೇ ಬಾಣ. ನಂಗೆ ಏಳು," ಎಂದೆ.

"ಇದಕ್ಕೂ ಪೈಪೋಟೀನಾ? ನೀವೇ ಗೆದ್ರಿ, ಓಗಿ," ಎಂದು ನಕ್ಕಳು.

ಕ್ಯಾಂಪಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಕಾಲು ಗಂಟೆ ಮಾತನಾಡಿದರು. ಬೆಳಗಿನ ಸಕ್ಕರೆ ಆ ಹೊತ್ತಿನ ಲೆಕ್ಕ ಮಾತ್ರ, ಮೂರು ತಿಂಗಳಲ್ಲಿ ಹೇಗೆ ಬದುಕಿದ್ದೀರಿ ಎಂಬುದನ್ನು ಇನ್ನೊಂದು ಹೇಳುತ್ತದೆ ಎಂದರು. ಅನ್ನ ಕಡಿಮೆ ಮಾಡಿ, ಸೊಪ್ಪು ಕಾಳು ಜಾಸ್ತಿ ಮಾಡಿ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ, ಮೂರು ತಿಂಗಳಿಗೆ ಮತ್ತೆ ನೋಡೋಣ. ನನ್ನ ಹಿಂದೆ ಇದ್ದವನು ಚೌಡಪ್ಪ. ಎರಡು ಹಸು ಕಟ್ಟಿಕೊಂಡಿರುವ ನನ್ನ ಬಾಲ್ಯದ ಗೆಳೆಯ. ಫ್ಯಾಟ್ ಎಷ್ಟು ಬಂತೆಂದು ಕೇಳದೆ, ಕೇಳಿದ ಮೇಲೆ ಒಂದು ಜಗಳ ಆಡದೆ ಅವನು ಚೀಟಿ ತೆಗೆದುಕೊಂಡ ದಿನವಿಲ್ಲ.

"ಮೂರ್ ದಿನದಿಂದ ಬರೀ ಮುದ್ದೆ ಸೊಪ್ಪು ತಿಂದ್ಕಂಡ್ ಬಂದಿದ್ನಯ್ಯಾ ಕಿಟ್ಟಪ್ಪ," ಎಂದು ಹಲುಬಿದ. "ಬೆಳಗಿನ್ ಸಕ್ರೆ ಬಂಗಾರದಂಗ್ ಬಂತು. ಆ ಮೂರ್ ತಿಂಗಳುದ್ದು ಐತಲ್ಲ, ಅದು ನಮ್ ಯುಗಾದಿ ಒಬ್ಬಟ್ಟುನ್ನೂ ಬಾಯ್ ಬಿಟ್ಬಿಡ್ತು!"

"ಯುಗಾದಿ ಆಗಿ ವರ್ಷ ಆಗ್ತಾ ಬಂತು ಕಣ್ಲಾ."

"ನಮ್ಮನೇಗೆ ವರ್ಷೆಲ್ಲಾ ಯುಗಾದೀನೇ ಕಣ್ಲಾ."

ಎಲ್ಲರೂ ನಕ್ಕರು. ಹೆಂಗಸರ ಸಾಲಿನಲ್ಲಿ ಬಹುತೇಕ ಎಲ್ಲರ ಹಾಳೆಯಲ್ಲೂ ಅದೇ ಕೆಳಗಿನ ಬಾಣ ಇತ್ತು. ಎಲ್ಲರಿಗೂ ಇದ್ದದ್ದರಿಂದ ಅದನ್ನು ಯಾರೂ ಕಾಯಿಲೆ ಎಂದುಕೊಳ್ಳಲಿಲ್ಲ. ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ಎಲ್ಲರಿಗೂ ಕೆಂಪು ಮಾತ್ರೆ ಕೊಟ್ಟು, ಬಿಳಿ ಚೀಟಿಯಲ್ಲಿ ಸೆಲ್ವಿಯ ಹೆಸರು ಬರೆದು, ಒಮ್ಮೆ ದೊಡ್ಡಾಸ್ಪತ್ರೆಯಲ್ಲಿ ಲೇಡಿ ಡಾಕ್ಟರಿಗೆ ತೋರಿಸಿ, ಯಾಕೆ ಕಮ್ಮಿ ಆಗಿದೆ ನೋಡಲಿ ಎಂದರು. ಆ ಚೀಟಿಯನ್ನು ನಾನೇ ಈಸಿಕೊಂಡು ಜೇಬಿಗೆ ಹಾಕಿಕೊಂಡೆ. ಅದು ಎಷ್ಟೋ ದಿನ ಹಾಲಿನ ಚೀಟಿಗಳ ಜೊತೆಯಲ್ಲೇ ಇತ್ತು. ಆಮೇಲೆ ಅಂಗಿಯ ಜೊತೆ ಒಗೆಯುವ ಕಲ್ಲಿಗೆ ಹೋಗಿರಬೇಕು.

ಅದೇ ವಾರ ಗೌರಿಯ ಫ್ಯಾಟ್ ನಾಲ್ಕರಿಂದ ಮೂರೂವರೆಗೆ ಇಳಿಯಿತು. ಎರಡನೇ ದಿನಕ್ಕೇ ಹಸುವಿನ ಡಾಕ್ಟರನ್ನು ಮನೆಗೆ ಕರೆತಂದೆ. ಖನಿಜದ ಪುಡಿ ತಂದೆ. ಒಣಹುಲ್ಲು ಎಷ್ಟು, ಹಸಿಹುಲ್ಲು ಎಷ್ಟು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಸೆಲ್ವಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅದನ್ನು ನೆನೆದಾಗ ಈಗಲೂ ಆ ಗೋಡೆಯ ಕಡೆಗೆ ನೋಡಲಾರೆ.

ಅಲ್ಲಿಂದ ಮನೆಯೆಲ್ಲ ನನ್ನ ರಿಪೋರ್ಟಿನ ಸುತ್ತ ತಿರುಗಿತು. ಬೆಳಿಗ್ಗೆ ಐದಕ್ಕೆ ಬೇತಮಂಗಲದ ಕಡೆಗೆ ನಡಿಗೆ. ನನಗೆ ನಾಯಿಗಳೆಂದರೆ ಭಯ, ಹಾಗಾಗಿ ಕೋಲು ಹಿಡಿದು ಅವಳೂ ಬರಬೇಕು. ಅದಕ್ಕೆ ಮೊದಲು ಅವಳು ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು, ಕಾಳು ಬೇಯಲು ಇಟ್ಟಿರುತ್ತಿದ್ದಳು. ದಿನಕ್ಕೊಂದು ಸೊಪ್ಪು, ಮೊಳಕೆ ಹುರುಳಿಯ ಸಾರು, ಉಂಡೆಯ ಅಳತೆ ನೋಡಿ ಮುದ್ದೆ. ಬಸಿದ ಕಾಳುಸೊಪ್ಪಿನ ಪಲ್ಯ ನನ್ನ ತಟ್ಟೆಗೆ, ಬಸಿದ ನೀರಿನ ಸಾರು ಅವಳ ತಟ್ಟೆಗೆ. ನಾನು ಬಿಟ್ಟ ಅನ್ನ ಕೆಡಬಾರದೆಂದು ಅವಳು ತಿಂದಳು. ನಾನು ಬಿಟ್ಟ ಬಾಳೆಹಣ್ಣು, ನಾನು ಬಿಟ್ಟ ಬನ್ನು, ಬೇಸಿಗೆಯಲ್ಲಿ ನಾನು ಬಿಟ್ಟ ಮಾವಿನಹಣ್ಣು. ನಾನು ಮಾಂಸ ಬೇಡವೆಂದ ಮೇಲೆ ಮನೆಯಲ್ಲಿ ಮಾಂಸವೂ ನಿಂತಿತು.

"ಸಿಸ್ಟರ್ ಈರಲ್ ತಿನ್ನು ಅಂದ್ರು," ಎಂದಳು ಒಂದು ಭಾನುವಾರ. ಕುರಿಯ ಲಿವರಿಗೆ ಅವಳು ತಮಿಳು ಮಾತನ್ನೇ ಹೇಳುತ್ತಿದ್ದಳು. ಸಂಬಳದ ದಿನ ಅವರಪ್ಪ ಎಲೆಯಲ್ಲಿ ಕಟ್ಟಿಸಿಕೊಂಡು ತರುತ್ತಿದ್ದ ಕಥೆಯನ್ನು ನೂರು ಸಲ ಹೇಳಿದ್ದಳು.

"ತಂದುಕೊಡ್ಲಾ?"

"ಬೇಡ ಬಿಡಿ. ನನ್ನೊಬ್ಳಿಗೆ ಯಾಕೆ ಮಸಾಲೆ ಅರೆಯೋದು? ಆ ವಾಸ್ನೆಗೆ ನಿಮ್ಗೂ ಆಸೆ ಆಗ್ತದೆ."

ನಾನು ಬಿಟ್ಟುಬಿಟ್ಟೆ. ಇನ್ನೊಂದು ಸಲ ಕೇಳಿದ್ದರೆ ಹೂಂ ಅನ್ನುತ್ತಿದ್ದಳು.

ಮಾತ್ರೆಯ ವಿಷಯ ಬಂದದ್ದು ಮೊದಲನೇ ವಾರದಲ್ಲೇ. ಸಿಸ್ಟರ್ ಹೇಳಿದಂತೆ ಅವಳು ನಿಂಬೆರಸದಲ್ಲಿ ನುಂಗಿದಳು. ನಾಲ್ಕನೇ ದಿನ ಹೊಟ್ಟೆ ಹಿಡಿದುಕೊಂಡು ಕುಳಿತಳು.

"ಉಷ್ಣದ ಮಾತ್ರೆ ಅದು," ಎಂದೆ. "ಉಷ್ಣದ ಮೇಲೆ ಹುಳಿ ಹಾಕಿದ್ರೆ ಉರೀದೆ ಏನ್ ಮಾಡ್ತದೆ? ಹಾಲಲ್ಲಿ ತಗೋ."

"ಹಾಲು, ಕಾಫಿ ಹತ್ರಾನೂ ಸೇರಿಸ್ಬೇಡ ಅಂದವ್ರೆ ಸಿಸ್ಟರ್."

"ಹಾಲು ಬೇಡ ಅಂದ್ಳಾ? ನೆನ್ನೆ ಮೊನ್ನೆ ಬಂದ ಹುಡುಗಿ. ಇಪ್ಪತ್ತು ವರ್ಷದಿಂದ ಹಾಲು ನೋಡ್ತಿರೋನು ನಾನಾ, ಅವಳಾ?"

ನಮ್ಮಲ್ಲಿ ಎಲ್ಲ ಮದ್ದೂ ಹಾಲಿನ ಜೊತೆಯೇ. ಜ್ವರದ ಮಾತ್ರೆ, ನಾಟಿ ಪುಡಿ, ಹೊಟ್ಟೆಹುಳದ ಔಷಧಿ, ಯಾವುದಾದರೂ ಸರಿ. ಹಾಲಿನಿಂದ ಅನ್ನ ತಿನ್ನುವವರಿಗೆ ಹಾಲು ಯಾವುದನ್ನಾದರೂ ಕೆಡಿಸುತ್ತದೆ ಎಂದರೆ ತಲೆಗೆ ಹೋಗುವುದಿಲ್ಲ. ಸೆಲ್ವಿ ನನ್ನ ಮುಖ ನೋಡಿದಳು. ಅವತ್ತಿನಿಂದ ಒಂದು ಲೋಟ ಬಿಸಿ ಹಾಲಿನಲ್ಲಿ ತೆಗೆದುಕೊಂಡಳು. ಹೊಟ್ಟೆನೋವು ನಿಂತಿತು. ನಾನು ಅದನ್ನು ಡೈರಿಯಲ್ಲಿ ನಾಲ್ಕು ಜನರಿಗೆ ಹೆಮ್ಮೆಯಿಂದ ಹೇಳಿದೆ.

ಮೂರು ತಿಂಗಳಿಗೆ ಸರಿಯಾಗಿ ಇಬ್ಬರೂ ಗಣಿಯ ಪಕ್ಕದ ರಾಬರ್ಟ್‌ಸನ್‌ಪೇಟೆಯ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆವು. ರಿಪೋರ್ಟು ಮಧ್ಯಾಹ್ನ ಎಂದರು. ಕಾಯುವ ಹೊತ್ತಿನಲ್ಲಿ ಸೆಲ್ವಿ ಹೇಳಿದಳು, "ಕೋರಮಂಡಲ್ ಕಡೆ ಒಂದ್ ಗಳಿಗೆ ಓಗ್ಬರಾಣ್ವಾ? ನಮ್ಮಪ್ಪನ ಮನೆ ಐತೋ ಬಿದ್ದೋಯ್ತೋ ನೋಡ್ಬೇಕು." ಗಣಿಯ ಮಣ್ಣಿನ ಬೂದು ದಿಬ್ಬಗಳು ಅಲ್ಲಿಗೇ ಕಾಣುತ್ತಿದ್ದವು. ಗಾಳಿಗೆ ಅದರ ಧೂಳು ಎದ್ದು ಬರುತ್ತಿತ್ತು. ನಾನು ಗಡಿಯಾರ ನೋಡಿ, ಸಾಯಂಕಾಲದ ಹಾಲಿಗೆ ಹೊತ್ತಾಗುತ್ತದೆ, ಇನ್ನೊಂದು ಸಲ ನೋಡೋಣ ಎಂದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ದಿಬ್ಬದ ಕಡೆ ನೋಡುತ್ತಾ ಕುಳಿತಳು.

ನನ್ನ ಮೂರು ತಿಂಗಳ ಸಕ್ಕರೆ ಏಳಕ್ಕಿಂತ ಕೆಳಗೆ ಬಂದಿತ್ತು. ಕೊಬ್ಬು ಅರ್ಧದಷ್ಟಾಗಿತ್ತು. ಸೆಲ್ವಿಯ ಹಿಮೋಗ್ಲೋಬಿನ್ ಎಂಟೂ ಚಿಲ್ಲರೆಯಿಂದ ಏಳು ಪಾಯಿಂಟ್ ಆರಕ್ಕೆ ಇಳಿದಿತ್ತು.

ಮಾರನೇ ದಿನ ಊರಿನ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಆ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಮೂರು ತಿಂಗಳು ಮಾತ್ರೆ ತಗೊಂಡಿದ್ರೆ ಏರಬೇಕಿತ್ತು. ಇಳಿದಿದೆ. ನಿಜ ಹೇಳಿ ಸೆಲ್ವಮ್ಮ, ಎಸೀತಿದ್ದೀರಾ? ಸುಮಾರು ಜನ ಹಿತ್ತಲಲ್ಲಿ ಎಸೀತಾರೆ, ನಂಗೆ ಗೊತ್ತು."

"ತಗೊಂಡೆ ಸಿಸ್ಟರ್."

"ಹೇಗೆ ತಗೊಂಡ್ರಿ? ನಿಂಬೆರಸದಲ್ಲಿ ತಾನೆ?"

ಸೆಲ್ವಿ ನನ್ನ ಕಡೆ ನೋಡಿದಳು. ಅದು ಬಹಳ ಹೊತ್ತಿನ ನೋಟವಲ್ಲ, ಒಂದು ಸಲ ರೆಪ್ಪೆ ಬಡಿದು ತೆರೆಯುವಷ್ಟು. ಹಾಲು ಎಂದು ಅವಳು ಹೇಳಿದ್ದರೆ, ಹೇಳಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಊರಿನ ಐದಾರು ಜನ ಕುಳಿತಿದ್ದರು. ಡೈರಿ ಕೃಷ್ಣಪ್ಪನಿಗೆ ಇಷ್ಟೂ ತಿಳಿಯದೇ ಎಂದು ಸಿಸ್ಟರ್ ಅನ್ನುತ್ತಿದ್ದರು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಬಾಯಿ ಬಿಡುವ ಮೊದಲೇ ನಾನು ಜೋರಾಗಿ ಹೇಳಿದೆ:

"ಎಲ್ ತಗೋತಾಳೆ ಸಿಸ್ಟರ್? ಎಸೆದಿರ್ತಾಳೆ. ಹೇಳಿ ಹೇಳಿ ನಂಗೂ ಸಾಕಾಗೈತೆ."

ಸೆಲ್ವಿ ತಲೆ ತಗ್ಗಿಸಿದಳು. "ಇನ್ಮೇಲೆ ಸರಿಯಾಗಿ ತಗೋತೀನಿ ಸಿಸ್ಟರ್," ಎಂದಳು.

ಸಿಸ್ಟರ್ ಹೊಸ ಸ್ಟ್ರಿಪ್ಪುಗಳನ್ನು ಕೊಟ್ಟು, ಲೇಡಿ ಡಾಕ್ಟರಿಗೆ ತೋರಿಸಿದ್ರಾ ಎಂದು ಕೇಳಿದರು. ಈ ವಾರ ಹೋಗ್ತೀವಿ ಎಂದೆ. ಅವತ್ತು ಮಧ್ಯಾಹ್ನ ಅವಳು ಮಾತ್ರೆ ಹಿಡಿದು, "ನಿಂಬೆರಸ ಮಾಡ್ಕೊಳ್ಲಾ?" ಎಂದು ಕೇಳಿದಳು. ಅವಳೆದುರು ನನ್ನ ಮಾತು ಸೋಲುವುದು ನನಗೆ ಬೇಕಿರಲಿಲ್ಲ. "ಹೊಟ್ಟೆನೋವು ಅಂತ ಮತ್ತೆ ನನ್ ಹತ್ರ ಬರ್ಬೇಡ," ಎಂದೆ. ಅವಳು ಹಾಲನ್ನೇ ಕಾಯಿಸಿದಳು.

ಮಳೆಗಾಲ ಬಂತು. ನಡಿಗೆ ನಿಲ್ಲಲಿಲ್ಲ. ನನ್ನ ಮೈ ಹಗುರಾಗಿತ್ತು, ಕಾಲು ತಾನೇ ಬಿರುಸಾಗುತ್ತಿತ್ತು. ಅವಳು ಹಿಂದೆ ಉಳಿಯತೊಡಗಿದಳು. ದಿನ್ನೆ ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದಳು. ಕೋಲು ಅವಳ ಕೈಯಲ್ಲಿದ್ದುದರಿಂದ ನಾನೂ ನಿಲ್ಲಬೇಕಾಗುತ್ತಿತ್ತು.

"ನೀವ್ ಓಗಿ, ನಾನ್ ಮೆಲ್ಲಗ್ ಬತ್ತೀನಿ."

"ನಿಂತ್ರೆ ಲೆಕ್ಕ ಇಲ್ಲ ಕಣೆ, ಉಸಿರು ಕಟ್ಟದಂಗೆ ಒಂದೇ ಸಮ ನಡೀಬೇಕು ಅಂದವ್ರೆ ಡಾಕ್ಟ್ರು. ಬಾ ಬೇಗ."

ಒಂದು ದಿನ ಅಲ್ಲಿ, ಮೋರಿಯ ಕಟ್ಟೆಯ ಮೇಲೆ ಕುಳಿತು ಹೇಳಿದಳು, ತಿಂಗಳು ತಿಂಗಳು ಬಹಳ ಹೋಗುತ್ತಿದೆ, ಹತ್ತು ದಿನವಾದರೂ ನಿಲ್ಲುವುದಿಲ್ಲ ಎಂದು. ಹೆಂಗಸರು ಗಂಡಸರಿಗೆ ಹೇಳುವ ಮಾತಲ್ಲ ಅದು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಎಷ್ಟು ದಿನ ಯೋಚಿಸಿ ಆ ಕಟ್ಟೆಯ ಮೇಲೆ ಕುಳಿತಳೋ. ನಾನು ಗಡಿಯಾರ ನೋಡುತ್ತಾ, "ವಯಸ್ಸಾಯ್ತಲ್ಲ, ನಿಲ್ಲೋ ಮುಂಚೆ ಹಂಗೇ ಅಂತೆ," ಎಂದೆ. ಯಾರು ಹೇಳಿದ್ದರು ನನಗೆ? ಯಾರೂ ಹೇಳಿರಲಿಲ್ಲ. ಅವಳು ಕೋಲು ಊರಿಕೊಂಡು ಎದ್ದಳು.

ರಾಗಿ ಕೊಯ್ಲಿನ ಹೊತ್ತಿಗೆ ಅವಳ ಪಾದಗಳು ಊದಿಕೊಂಡಿದ್ದವು. ತುಟಿ ಬಿಳಿಚಿತ್ತು. ಚೌಡಪ್ಪನ ಹೆಂಡತಿ ಲಕ್ಷ್ಮಮ್ಮ ಹಾಲು ಹಾಕಲು ಬಂದಾಗ, "ಸೆಲ್ವಕ್ಕ ಯಾಕಣ್ಣ ಇಂಗಾಗವ್ಳೆ?" ಎಂದು ಕೇಳಿದ್ದಳು. ಕೊಯ್ಲು ಮುಗಿಯಲಿ ಎಂದಿದ್ದೆ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲಿನ ಬಕೀಟು ಹಿಡಿದವಳು ಹಾಗೇ ಕುಸಿದು ಕುಳಿತಳು. ಬಕೀಟು ಉರುಳಲಿಲ್ಲ, ಅದನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು.

ಕೋಲಾರದ ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಹಿಮೋಗ್ಲೋಬಿನ್ ನಾಲ್ಕೂ ಇರಲಿಲ್ಲ. ಗರ್ಭಕೋಶದಲ್ಲಿ ಗೆಡ್ಡೆ ಇದೆ, ವರ್ಷಗಟ್ಟಲೆ ರಕ್ತ ಹೋಗಿದೆ, ಇರುವಷ್ಟೇ ರಕ್ತದಲ್ಲಿ ದುಡಿದು ದುಡಿದು ಹೃದಯ ಸೋತಿದೆ ಎಂದರು. ರಕ್ತ ಏರಿಸಲು ಶುರು ಮಾಡಿದರು. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ ಹಾಸಿಗೆಯ ಪಕ್ಕ ನಿಂತು ನನ್ನನ್ನು ಕೇಳಿದರು:

"ರಕ್ತ ಕಮ್ಮಿ ಇದೆ ಅಂತ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮಾತ್ರೆ ಕೊಟ್ಟಿದ್ರಾ?"

ಗಂಡನ ಮನೆಯಿಂದ ಓಡಿಬಂದಿದ್ದ ಪವಿತ್ರಾ ನನ್ನ ಪಕ್ಕದಲ್ಲಿದ್ದಳು. ಸೆಲ್ವಿ ಮೂಗಿನ ಮೇಲೆ ಆಕ್ಸಿಜನ್ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದ್ದಳು.

"ಕೊಟ್ಟಿದ್ರು ಮೇಡಂ. ಅವಳು ಸರಿಯಾಗಿ ತಗೋತಿರ್ಲಿಲ್ಲ," ಎಂದೆ.

ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಣ್ಣು ತೆರೆಯಲಿಲ್ಲ. ಮೂರನೇ ದಿನ ಹೋದಳು.

ಸಾವಿನ ಮನೆಯಲ್ಲಿ ಆ ಮಾತು ಊರಿಗೆಲ್ಲ ಹರಡಿತು. ಬಂದವರೆಲ್ಲ ಅದನ್ನೇ ಹೇಳಿ ನನ್ನನ್ನು ಸಮಾಧಾನ ಮಾಡಿದರು. "ನೀನೇನ್ ಮಾಡಾಕಾಯ್ತದೆ ಕಿಟ್ಟಪ್ಪ? ಮನ್ಗೆ ತಂದ್ಕೊಟ್ಟ ಮಾತ್ರೇನೂ ಎಸುದ್ರೆ," ಎಂದು ಚೌಡಪ್ಪ ನನ್ನ ಭುಜ ಹಿಡಿದುಕೊಂಡು ಅತ್ತ. ಪವಿತ್ರಾ ತಾಯಿಯ ಕಾಲ ಬಳಿ ಕುಳಿತು, "ಯಾಕಮ್ಮ ಎಸ್ದೆ? ಒಂದ್ ಮಾತ್ರೆ ನುಂಗೋಕೆ ಏನಾಗಿತ್ತಮ್ಮ ನಿಂಗೆ?" ಎಂದು ಬೈದು ಬೈದು ಅತ್ತಳು. ಸತ್ತವಳನ್ನು ಮಗಳು ಬೈಯುವುದನ್ನು ಕೇಳಿಸಿಕೊಂಡು ನಾನು ಗೋಡೆಗೆ ಒರಗಿ ಕುಳಿತಿದ್ದೆ.

ಹನ್ನೊಂದನೇ ದಿನ ಕಳೆದ ಮೇಲೆ ಅವಳ ಸೀರೆಗಳನ್ನು ತೆಗೆಯುವಾಗ ಪೆಟ್ಟಿಗೆಯ ತಳದಲ್ಲಿ ಒಂದು ತಗಡಿನ ಬಿಸ್ಕತ್ತು ಡಬ್ಬ ಸಿಕ್ಕಿತು. ಅವಳು ತವರಿನಿಂದ ತಂದದ್ದು, ಸೂಜಿದಾರ ಇಡುತ್ತಿದ್ದದ್ದು. ಒಳಗೆ ಸೂಜಿದಾರ ಇರಲಿಲ್ಲ. ಖಾಲಿ ಸ್ಟ್ರಿಪ್ಪುಗಳು. ಒಂದೊಂದು ತಿಂಗಳಿನದನ್ನೂ ಬೇರೆ ಬೇರೆಯಾಗಿ ರಬ್ಬರು ಹಾಕಿ ಜೋಡಿಸಿದ್ದಳು. ಒಂದೊಂದರ ಬೆನ್ನಿನ ಮೇಲೂ ಪೆನ್ನಿನಲ್ಲಿ ತಿಂಗಳ ಹೆಸರು. ಅವಳು ಶಾಲೆಯಲ್ಲಿ ತಮಿಳು ಕಲಿತವಳು, ಅಕ್ಷರವೂ ತಮಿಳಿನದೇ; ಅಷ್ಟನ್ನು ಓದಲು ನನಗೂ ಕಲಿಸಿದ್ದಳು. ಮೊದಲ ತಿಂಗಳುಗಳದ್ದು ಇರಲಿಲ್ಲ. ಸಿಸ್ಟರ್ ಮುಂದೆ ನಾನು ಆ ಮಾತು ಹೇಳಿದ ತಿಂಗಳಿನಿಂದ ಶುರುವಾಗಿತ್ತು. ಯಾರಾದರೂ ಮತ್ತೆ ಕೇಳಿದರೆ ತೋರಿಸಲೆಂದು ಇಟ್ಟಿದ್ದಳೋ ಏನೋ. ಯಾರೂ ಕೇಳಲಿಲ್ಲ. ನಾನು ಡಬ್ಬವನ್ನು ಮುಚ್ಚಿ ಅಟ್ಟದ ಮೇಲೆ, ಯಾರ ಕೈಗೂ ಸಿಗದ ಹಾಗೆ ಇಟ್ಟೆ.

ಆಮೇಲೆ ಒಂದು ದಿನ ನನ್ನ ರಕ್ತ ಕೊಡಲು ಹೋದಾಗ ಲ್ಯಾಬಿನ ಡಾಕ್ಟರನ್ನು, ಯಾರದೋ ವಿಷಯವೆಂಬಂತೆ ಕೇಳಿದೆ. ಹಾಲಿನ ಜೊತೆ ತೆಗೆದುಕೊಂಡರೆ ಆ ಮಾತ್ರೆಯ ಸತ್ವ ಮೈಗೆ ಸರಿಯಾಗಿ ಸೇರುವುದಿಲ್ಲ, ಕಾಫಿ ಟೀ ಕೂಡ ಹಾಗೇ ಎಂದರು. ಹೊಟ್ಟೆ ಉರಿದರೆ ಹೇಳಬೇಕಿತ್ತು, ಬೇರೆ ಮಾತ್ರೆ ಕೊಡುತ್ತಿದ್ದರು. "ಆದ್ರೆ ಅಷ್ಟು ರಕ್ತ ಹೋಗ್ತಿದ್ರೆ ಬರೀ ಮಾತ್ರೆ ಸಾಲ್ತಿರಲಿಲ್ಲ. ರಕ್ತ ಕಮ್ಮಿ ಬಂದ್ರೆ ಯಾಕೆ ಕಮ್ಮಿ ಅಂತ ಹುಡುಕಬೇಕು," ಎಂದರು. ನನ್ನ ರಿಪೋರ್ಟು ಕೊಡುತ್ತಾ ನಕ್ಕರು. "ನಿಮ್ಮದು ಎಲ್ಲಾ ನಾರ್ಮಲ್. ಒಂದೂ ಬಾಣ ಇಲ್ಲ. ಹೇಗೆ ಮಾಡಿದ್ರಿ?" ಹಾಳೆ ಮಡಚಿಕೊಂಡು ಹೊರಗೆ ಬಂದೆ.

ಬಂಗಾರಪೇಟೆಯ ಸ್ಟೇಷನ್ನಿನಿಂದ ಅವತ್ತು ಊರಿಗೆ ವಾಪಸು ಬಂದು ಸಾಯಂಕಾಲದ ಹಾಲು ಮುಗಿಸಿದೆ. ಮಾರನೇ ದಿನ ಬೆಳಗಿನ ಹಾಲು ಮುಗಿಸಿ, ಅಟ್ಟ ಹತ್ತಿ ಡಬ್ಬ ಇಳಿಸಿಕೊಂಡು ಮತ್ತೆ ಅದೇ ಬಸ್ಸು ಹತ್ತಿದೆ. ಅಷ್ಟರಲ್ಲಿ ನನ್ನ ಮಗಳು ಇನ್ನೊಂದು ಮಾತ್ರೆಯನ್ನು ಹಾಲಿನಲ್ಲಿ ನುಂಗಿಯಾಗಿರುತ್ತದೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಇಲ್ಲ, ಇನ್ನೂ ನುಂಗಿರಲಿಲ್ಲ. ಲೋಟದಲ್ಲಿ ಹಾಲು ಆರುತ್ತಿತ್ತು.

"ಹಾಲಲ್ಲಿ ತಗೋಬೇಡಮ್ಮ," ಎಂದೆ.

"ಅಮ್ಮ ತಗೋತಿದ್ರಲ್ಲ?"

"ನಾನ್ ಹೇಳಿದ್ಕೆ ತಗೋತಿದ್ಳು. ಸಿಸ್ಟರ್ ಬೇಡ ಅಂದಿದ್ರು. ನಿಮ್ಮಮ್ಮ ಒಂದ್ ಮಾತ್ರೇನೂ ಎಸೀಲಿಲ್ಲ." ಡಬ್ಬವನ್ನು ಅವಳ ಮುಂದಿಟ್ಟೆ.

ನಿಂತಿದ್ದವಳು ಕೆಳಗೆ ಕುಳಿತಳು. ಮುಚ್ಚಳ ತೆಗೆದು ಒಂದೊಂದೇ ಕಟ್ಟು ಎತ್ತಿ ನೋಡಿದಳು. ಬೆನ್ನಿನ ಮೇಲಿದ್ದ ತಮಿಳು ಅಕ್ಷರದ ಮೇಲೆ ಬೆರಳಾಡಿಸಿದಳು. ಅವಳಿಗೆ ಓದಲು ಬರುವುದಿಲ್ಲ. ಆದರೆ ಕೈಬರಹ ಯಾರದೆಂದು ಹೇಳಬೇಕಾಗಿರಲಿಲ್ಲ. ನಾನು ಆರೋಗ್ಯ ಕೇಂದ್ರದಲ್ಲಿ ನಡೆದದ್ದು, ಆಸ್ಪತ್ರೆಯಲ್ಲಿ ಹೇಳಿದ್ದು, ಮೋರಿಯ ಕಟ್ಟೆಯ ಮಾತು, ಜೇಬಿನಲ್ಲಿ ಉಳಿದ ಚೀಟಿ, ಎಲ್ಲವನ್ನೂ ಹೇಳಿದೆ. ನಡುವೆ ಅವಳು ಒಂದು ಸಲವೂ ತಲೆ ಎತ್ತಲಿಲ್ಲ.

"ನಾನು ಅಮ್ಮನ್ನ ಬೈದೆ ಅಪ್ಪ," ಎಂದಳು ಕೊನೆಗೆ. "ಹೆಣದ ಮುಂದೆ ಕೂತ್ಕೊಂಡು ಬೈದೆ. ನೀವು ಅಲ್ಲೇ ಇದ್ರಿ."

"ಇದ್ದೆ."

"ಯಾಕ್ ಸುಮ್ನಿದ್ರಿ?"

ಅವಳು ಎದ್ದು ಲೋಟದ ಹಾಲನ್ನು ಪಾತ್ರೆಗೆ ವಾಪಸು ಸುರಿದಳು. ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದು ಕೊಯ್ದು, ನೀರಿಗೆ ಹಿಂಡಿ, ಮಾತ್ರೆ ನುಂಗಿದಳು. ಹುಳಿಗೆ ಮುಖ ಕಿವಿಚಿದಳು. ಆ ಮುಖ ಥೇಟ್ ಸೆಲ್ವಿಯದು. ನಾನು ಬೇರೆ ಕಡೆ ನೋಡಿದೆ. ಎದೆ ಉರಿದರೆ ಸಿಸ್ಟರಿಗೆ ಹೇಳು, ಬೇರೆ ಮಾತ್ರೆ ಕೊಡುತ್ತಾರೆ ಎಂದೆ. ಹೂಂ ಎಂದಳು.

ಹೊರಡುವಾಗ ಡಬ್ಬ ತೆಗೆದುಕೊಳ್ಳಲು ಹೋದೆ. "ಅದು ಇಲ್ಲೇ ಇರ್ಲಿ," ಎಂದಳು. ಆಮೇಲೆ ಬಾಗಿಲಿನವರೆಗೆ ಬಂದು, "ನಂಗೊಬ್ಳಿಗೆ ಹೇಳಿದ್ರೆ ಸಾಲಲ್ಲ ಅಪ್ಪ. ಅಮ್ಮ ಎಸ್ದಳು ಅಂತ ಊರೆಲ್ಲಾ ಹೇಳ್ತದೆ. ಊರಿಗೂ ನೀವೇ ಹೇಳ್ಬೇಕು," ಎಂದಳು. ಅವಳು ಜೋರು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅವತ್ತು ಸಾಯಂಕಾಲ ಐದೂವರೆಗೆ ಎಂದಿನಂತೆ ಸಾಲು ನಿಂತಿತು. ಸಾಲಿನ ಮುಂದೆ ಚೌಡಪ್ಪ, ಅವನ ಹಿಂದೆ ಇನ್ನೊಂದು ಕ್ಯಾನು ಹಿಡಿದು ಲಕ್ಷ್ಮಮ್ಮ. ಮೆಷಿನ್ನಿನ ಸ್ವಿಚ್ಚು ಹಾಕದೆ ನಾನು ಎದ್ದು ನಿಂತೆ.

"ಏನಯ್ಯಾ, ಕರೆಂಟಿಲ್ವಾ?" ಎಂದ ಚೌಡಪ್ಪ. "ಇವತ್ತಾದ್ರೂ ನಮ್ಮ ಹಸೂಗೆ ನ್ಯಾಯ ಕೊಡ್ಸಪ್ಪ."

"ಸೆಲ್ವಿ ಮಾತ್ರೆ ಎಸೀಲಿಲ್ಲ," ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಮತ್ತೆ ಜೋರಾಗಿ ಹೇಳಿದೆ. "ಎಲ್ರೂ ಕೇಳಿ. ಸೆಲ್ವಿ ಮಾತ್ರೆ ಎಸೀಲಿಲ್ಲ. ದಿನಾ ತಗೊಂಡ್ಳು. ಹಾಲಲ್ಲಿ ತಗೋ ಅಂತ ಹೇಳಿದ್ದು ನಾನು. ಆಸ್ಪತ್ರೆಗೆ ಕರ್ಕೊಂಡು ಹೋಗದೇ ಇದ್ದದ್ದೂ ನಾನು. ಎಸೆದ್ಳು ಅಂತ ಹೇಳಿದ್ದು ನನ್ನ ಸುಳ್ಳು."

ಹಿಂದೆ ಯಾರದೋ ಕ್ಯಾನಿನ ಮುಚ್ಚಳ ಕಲ್ಲಿನ ಮೇಲೆ ಬಿದ್ದು ಸದ್ದಾಯಿತು. ಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕುಳಿತು ಸ್ವಿಚ್ಚು ಹಾಕಿ, ಚೌಡಪ್ಪನ ಹಾಲನ್ನು ಬಟ್ಟಲಿಗೆ ತೆಗೆದು ಮೆಷಿನ್ನಿಗೆ ಹಿಡಿದೆ. ಚೀಟಿ ಬಂತು. ಅದನ್ನು ಅವನ ಕಡೆಗೆ ಚಾಚಿದೆ.

ಅವನು ಚೀಟಿಯನ್ನು ನೋಡಲಿಲ್ಲ. ಫ್ಯಾಟ್ ಎಷ್ಟೆಂದು ಕೇಳಲೂ ಇಲ್ಲ. ಮಡಚಿ ಜೇಬಿಗೆ ಹಾಕಿಕೊಂಡು, ಖಾಲಿ ಕ್ಯಾನು ಎತ್ತಿಕೊಂಡು, ಸುಮ್ಮನೆ ಪಕ್ಕಕ್ಕೆ ಸರಿದ.